ಗಂಟೆ ನಿಲ್ಲದ ನಾಯಿ

ಜೆಲಿಂಡಾಳ ಅಡುಗೆಮನೆಗೆ ಒಂದು ಕಾನೂನಿತ್ತು. ನಾಲ್ಕು ಕಾಲಿನ ಯಾವುದೂ ಹೊಸ್ತಿಲು ದಾಟಿ ಒಳಗೆ ಬರಕೂಡದು. ಬರುವುದಿದ್ದರೆ ಪಾತ್ರೆಯೊಳಗೆ ಬೇಯಲು ಬರಬೇಕು. ಮದುವೆಯಾದ ವರ್ಷವೇ ಹೊರಡಿಸಿದ ಕಾನೂನು ಅದು, ಗಂಡ ಇಲಾರಿಯೊ ಅದನ್ನು ಅಷ್ಟೂ ವರ್ಷ ಬಾಯಿ ಮುಚ್ಚಿಕೊಂಡು ಪಾಲಿಸಿದ್ದ. ಅವನ ಹಳೆಯ ಬೇಟೆನಾಯಿ ಮೋರೊ ಬೆಳೆದದ್ದು, ಮುದಿಯಾದದ್ದು, ಹೋದ ಚಳಿಗಾಲ ಕಣ್ಣು ಮುಚ್ಚಿದ್ದು ಎಲ್ಲ ಹಿತ್ತಲಿನ ಸೌದೆಮನೆಯಲ್ಲಿಯೇ. ಅಂಥ ಕಾನೂನು ಪಾಯಿಂಟರ್ ಜಾತಿಯ ಬೇಟೆನಾಯಿ ಮರಿಯೊಂದು ಬಂದ ದಿನವೇ ಮುರಿದುಬಿತ್ತು. ಮುರಿದವಳು ಸ್ವತಃ ಜೆಲಿಂಡಾ.

ಅದು ಈಸ್ಟರ್ ಹಬ್ಬದ ವಾರ. ಕಣಿವೆಯಲ್ಲಿ ಹೂ ಬಿಟ್ಟಿದ್ದರೂ ಮೇಲಿನ ಊರಲ್ಲಿ ಇನ್ನೂ ಹಿಮ ಉದುರುತ್ತಿತ್ತು. ಘಟ್ಟದ ಆಚೆ ಬದಿಯ ಗೆಳೆಯನೊಬ್ಬನ ಮನೆಯಿಂದ ಇಲಾರಿಯೊ ಮರಿಯನ್ನು ಕೋಟಿನೊಳಗೆ ಹಾಕಿಕೊಂಡು ತಂದಿದ್ದ. ಮೈಯೆಲ್ಲ ಬಿಳಿ, ಕಿವಿ ಎರಡೂ ಕಿತ್ತಳೆ ಬಣ್ಣ, ಹೊಟ್ಟೆ ಮಾತ್ರ ಗುಲಾಬಿ. ಹಿತ್ತಲ ಬಾಗಿಲಲ್ಲಿ ಇಳಿಸಿದರೆ ಗಡಗಡ ನಡುಗುತ್ತ ನಿಂತಿತು.

“ಅಮ್ಮಾ, ಸೌದೆಮನೇಲಿ ಹಾಕಿದ್ರೆ ಬೆಳಗ್ಗೆ ಹೊತ್ತಿಗೆ ಸತ್ತೇ ಹೋಗಿರತ್ತೆ,” ಎಂದಳು ಮಗಳು ಲೊರೆತ್ತಾ. ಅವಳಿಗೆ ಹದಿನೇಳು, ಕಣಿವೆಯ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವಳು.

ಜೆಲಿಂಡಾ ಮರಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. “ಇವತ್ತೊಂದು ದಿನ,” ಎಂದಳು. “ಒಲೆ ಹತ್ರ. ನಾಳೆಯಿಂದ ಆಚೆ.”

ಆ ನಾಳೆ ಬರಲೇ ಇಲ್ಲ. ಹೊಲದ ಮೇಲೆ ಬೆಳಗ್ಗೆ ಬಿದ್ದಿರುವ ಹಿಮದ ಹುಡಿಯ ಹಾಗೆ ಬೆಳ್ಳಗಿದ್ದಾಳೆಂದು ಲೊರೆತ್ತಾ ಅವರ ಮಾತಿನಲ್ಲಿ ಆ ಹಿಮಕ್ಕಿರುವ ಹೆಸರನ್ನೇ ಇಟ್ಟು ಬ್ರೀನಾ ಎಂದು ಕರೆದಳು. ವಾರ ಕಳೆಯುವುದರೊಳಗೆ ಒಲೆಯ ಪಕ್ಕದಲ್ಲಿ ಹಳೆಯ ಕಂಬಳಿ ಬಂತು. ತಿಂಗಳು ಕಳೆಯುವುದರೊಳಗೆ ಸಾರಿನ ಮೂಳೆಗಳನ್ನು ಮರಿಯ ಕಡೆ ಎಸೆಯುವ ಮೊದಲು ಜೆಲಿಂಡಾ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳತೊಡಗಿದಳು. ಯಾರಾದರೂ ಕೇಳಿದರೆ ಮಾತ್ರ “ನಾಯಿ ಅವನದು, ನಂಗೇನ್ ಸಂಬಂಧ?” ಎನ್ನುತ್ತಿದ್ದಳು. ಹೇಳುವಾಗ ಆ ನಾಯಿ ಅವಳ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿರುತ್ತಿತ್ತು.

ಜೆಲಿಂಡಾ ಊರ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವವಳು. ಗಟ್ಟಿ ಆಳು, ಅದಕ್ಕಿಂತ ಗಟ್ಟಿ ಗಂಟಲು. ಊಟದ ಕೋಣೆಯಲ್ಲಿ ಅಷ್ಟು ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದರೂ ಯಾವ ಮಗು ನಿಜವಾಗಿ ಅಳುತ್ತಿದೆ, ಯಾವುದು ನಾಟಕ ಎಂದು ಒಲೆಯ ಕಡೆಗೆ ಮುಖ ಮಾಡಿ ನಿಂತೇ ಹೇಳಬಲ್ಲವಳು. ಇಲಾರಿಯೊ ಹರೆಯವನ್ನೆಲ್ಲ ಬೆಟ್ಟದ ಹೊಟ್ಟೆಯೊಳಗೆ ಕಳೆದವನು. ಹೆದ್ದಾರಿಯ ಸುರಂಗಗಳಿಗಾಗಿ ಡ್ರಿಲ್ಲು ಹಿಡಿದು ಬಂಡೆ ಕೊರೆಯುವ ಕೆಲಸ. ಈಗ ಘಟ್ಟದ ರಸ್ತೆಯನ್ನು ನೋಡಿಕೊಳ್ಳುವ ಸರ್ಕಾರಿ ಕೆಲಸದಲ್ಲಿದ್ದ. ಚರಂಡಿ ಬಿಡಿಸುವುದು, ಬಿದ್ದ ಕಲ್ಲು ಸರಿಸುವುದು, ಹಿಮ ಬಿದ್ದರೆ ಉಪ್ಪು ಚೆಲ್ಲುವುದು. ಸುರಂಗ ಅವನಿಗೆ ಮನೆ ಕಟ್ಟಿಸಿಕೊಟ್ಟಿತ್ತು, ಬದಲಿಗೆ ಕಿವಿಯನ್ನು ಇಟ್ಟುಕೊಂಡಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಅವನೊಬ್ಬನನ್ನು ಬಿಟ್ಟು. ಜನ ಇತ್ತೀಚೆಗೆ ಬಾಯೊಳಗೇ ಗೊಣಗುವುದನ್ನು ಕಲಿತಿದ್ದಾರೆ ಎಂಬುದು ಅವನ ದೂರು. ಟಿ.ವಿ. ಹಾಕಿದರೆ ಆಚೆ ಬೀದಿಯವರಿಗೂ ವಾರ್ತೆ ಪುಕ್ಕಟೆ. ತಾಯಿಮಗಳು ಅವನೊಂದಿಗೆ ಮಾತಾಡುವಾಗ ದನಿಯನ್ನು ಒಂದು ಮೆಟ್ಟಿಲು ಮೇಲಿಡುವುದನ್ನು ಯಾವತ್ತೋ ಅಭ್ಯಾಸ ಮಾಡಿಕೊಂಡಿದ್ದರು, ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ನಾಯಿಯ ವಿಷಯದಲ್ಲಿ ಮಾತ್ರ ಇಲಾರಿಯೊ ಬಲು ತಾಳ್ಮೆಯ ಮೇಷ್ಟ್ರು. ಕೋಲಿನ ತುದಿಗೆ ದಾರ, ದಾರದ ತುದಿಗೆ ಹಕ್ಕಿಯ ರೆಕ್ಕೆ ಕಟ್ಟಿ ಅಂಗಳದಲ್ಲಿ ಆಡಿಸುತ್ತಿದ್ದ. ಮರಿ ಹಾರಿ ಹಾರಿ ಸುಸ್ತಾಗಿ, ಹಿಡಿಯಲಾಗದ್ದನ್ನು ಕದ್ದು ನೋಡುವುದೇ ಲೇಸೆಂದು ಒಂದು ದಿನ ಸಟಕ್ಕನೆ ನಿಂತುಬಿಟ್ಟಿತು. ಮುಂಗಾಲೊಂದು ಮೇಲೆ, ಬಾಲ ನೆಟ್ಟಗೆ, ಮೂಗು ರೆಕ್ಕೆಯ ಕಡೆಗೆ. ಇಲಾರಿಯೊ ಉಸಿರೆತ್ತದೆ ಹೆಂಡತಿಯನ್ನು ಕೈಸನ್ನೆಯಿಂದ ಕರೆದು ತೋರಿಸಿದ. ಅವನ ಮುಖದಲ್ಲಿದ್ದ ಹಿಗ್ಗನ್ನು ನೋಡಿ, ಲೊರೆತ್ತಾ ಹುಟ್ಟಿದಾಗಲೂ ಇವನು ಇಷ್ಟು ಬೀಗಿರಲಿಲ್ಲವಲ್ಲ ಎಂದುಕೊಂಡಳು ಜೆಲಿಂಡಾ.

ಅನ್ನದ ತಟ್ಟೆಯ ಮುಂದೆ ‘ನಿಲ್ಲು’ ಎಂದರೆ ನಿಲ್ಲಬೇಕು, ಹೇಳುವವರೆಗೆ ಬಾಯಿ ಹಾಕಕೂಡದು. ಕೋವಿಯ ಸದ್ದಿಗೆ ಹೆದರಬಾರದೆಂದು ಅದು ತಿನ್ನುವಾಗ ಪಾತ್ರೆಗಳನ್ನು ಬಡಿಯಬೇಕು. ಮೊದಲು ಮೆಲ್ಲಗೆ, ದಿನ ಕಳೆದಂತೆ ಜೋರಾಗಿ. ಈ ಪಾತ್ರೆ ಬಡಿಯುವ ಕೆಲಸ ಜೆಲಿಂಡಾಳ ಪಾಲಿಗೆ ಬಂತು.

“ಇಷ್ಟು ವರ್ಷ ಪಾತ್ರೆ ಸದ್ದು ಮಾಡ್ಬೇಡ ಅಂತಿದ್ದೆ. ಈಗ ನೀನೇ ಬಡಿ ಅಂತೀಯಲ್ಲ,” ಎಂದು ಅವಳು ಮುಚ್ಚಳದ ಮೇಲೆ ಸೌಟಿನಿಂದ ಬಾರಿಸಿದಳು.

“ಇನ್ನೂ ಜೋರಾಗಿ. ನಂಗೇ ಕೇಳ್ತಾ ಇಲ್ಲ,” ಎಂದ ಇಲಾರಿಯೊ.

ಬೇಸಿಗೆಯಲ್ಲಿ ಮರಿಯ ಕೊರಳಿಗೆ ಗಂಟೆ ಬಂತು. ಕಂಚಿನ ಪುಟ್ಟ ಗಂಟೆ. ಬೇಟೆಗೆ ಹೋಗುವ ಮೊದಲು ಅದರ ಸದ್ದು ನಾಯಿಗೆ ತನ್ನದೇ ಉಸಿರಿನಷ್ಟು ಅಭ್ಯಾಸವಾಗಿರಬೇಕು, ಹಾಗಾಗಿ ಮನೆಯಲ್ಲೂ ಕಟ್ಟಿರಲಿ ಎಂದ ಇಲಾರಿಯೊ. ಅದರಿಂದ ನಾಯಿಗೆಷ್ಟು ಲಾಭವಾಯಿತೋ, ಜೆಲಿಂಡಾಗಂತೂ ಬೇಗ ಅಭ್ಯಾಸವಾಯಿತು. ಗಂಟೆ ಕಿಣಿಕಿಣಿ ಎನ್ನುತ್ತಿರುವಷ್ಟು ಹೊತ್ತು ಮನೆ ಕ್ಷೇಮ. ಗಂಟೆ ನಿಂತಿತೋ, ಎಲ್ಲೋ ಏನೋ ಎಡವಟ್ಟು ನಡೆಯುತ್ತಿದೆ ಎಂದೇ ಅರ್ಥ: ಲೊರೆತ್ತಾಳ ಚಪ್ಪಲಿ, ಇಲ್ಲವೆ ಮೇಜಿನ ತುದಿಯಲ್ಲಿಟ್ಟ ಚೀಸು. ಹಿಟ್ಟು ನಾದುತ್ತಿದ್ದರೂ, ಪಕ್ಕದ ಮನೆಯವಳೊಂದಿಗೆ ಹರಟುತ್ತಿದ್ದರೂ, ಗಂಟೆ ನಿಂತೊಡನೆ “ಏಯ್ ಕಳ್ಳಿ!” ಎಂದು ಕೂಗಿ ಎದ್ದೋಡುವುದು ಅವಳಿಗೆ ರೂಢಿಯಾಯಿತು.

ಅಕ್ಟೋಬರ್ ಕೊನೆಗೆ ಬೀಚ್ ಮರಗಳ ಎಲೆ ಕೆಂಪಾಗಿ ಉದುರತೊಡಗಿದಾಗ ಗಂಡಸರ ಬಾಯಲ್ಲಿ ಒಂದೇ ಮಾತು: “ರಾಣಿ ಬಂದಳಂತೆ.” ರಾಣಿಯೆಂದರೆ ಬಡಗಣ ದೇಶಗಳಿಂದ ಚಳಿಗೆ ಹೆದರಿ ಬರುವ ಒಂದು ಹಕ್ಕಿ. ಪಾರಿವಾಳದ ಗಾತ್ರ, ಉದ್ದ ಕೊಕ್ಕು, ಮೈಬಣ್ಣ ಒಣಗಿದ ಎಲೆಯದೇ. ಕಾಲ ಬುಡದಲ್ಲಿ ಕೂತಿದ್ದರೂ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ. ನಾಯಿಯ ಮೂಗಿಗೆ ಮಾತ್ರ ಸಿಗುತ್ತದೆ. ಆದರೆ ಆ ಕಾಡಿನ ದಟ್ಟ ಪೊದೆಗಳಲ್ಲಿ ನಾಯಿಯೇ ಕಾಣುವುದಿಲ್ಲ. ಅದಕ್ಕೇ ಗಂಟೆ. ಗಂಟೆ ಆಡುತ್ತಿದ್ದರೆ ನಾಯಿ ಹುಡುಕುತ್ತಿದೆ. ಗಂಟೆ ನಿಂತರೆ ನಾಯಿ ಹಕ್ಕಿಯೆದುರು ಸೆಟೆದು ನಿಂತಿದೆ. ಆಗ ಬೇಟೆಗಾರ ಕೊನೆಯ ಸದ್ದು ಬಂದ ಕಡೆಗೆ ಮೆಲ್ಲನೆ ಹೋಗಬೇಕು, ಹಕ್ಕಿಯನ್ನು ಎಬ್ಬಿಸಬೇಕು, ಹೊಡೆಯಬೇಕು.

ಇನ್ನೊಂದು ಕಟ್ಟಳೆಯೂ ಉಂಟು. ರಾಣಿಯ ಬೇಟೆಗೆ ಒಬ್ಬನೇ ಹೋಗಬೇಕು. ಕಾಡುಹಂದಿಗಾದರೆ ಊರಿಗೆ ಊರೇ ಗುಂಪುಕಟ್ಟಿ ಹೋಗುತ್ತದೆ. ಇದಕ್ಕೆ ಸ್ವಂತ ತಮ್ಮನನ್ನೂ ಕರೆಯುವಂತಿಲ್ಲ. ಆ ಹಕ್ಕಿ ಪ್ರತಿವರ್ಷ ಅದೇ ಅದೇ ಜಾಗಕ್ಕೆ ಇಳಿಯುತ್ತದೆ, ಆ ಜಾಗಗಳೇ ಬೇಟೆಗಾರನ ಆಸ್ತಿ. ಊರಿನ ಬಾರಿನಲ್ಲಿ ಮೂಡಣ ಬೆಟ್ಟದಲ್ಲಿ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಪಡುವಣ ಬೆಟ್ಟ ಎಂದು ತಿಳಿಯಬೇಕು. ಇಲಾರಿಯೊನ ಅಪ್ಪ ತನ್ನ ಜಾಗಗಳನ್ನು ಮಗನಿಗೆ ಹೇಳಿದ್ದು ಪಾದ್ರಿ ಬಂದು ಕೊನೆಯ ಪ್ರಾರ್ಥನೆ ಮುಗಿಸಿ ಹೋದ ಮೇಲೆ.

ಹೀಗಾಗಿ ಬ್ರೀನಾ ಕಾಡಿನಲ್ಲಿ ಏನು ಮಾಡುತ್ತಿದ್ದಾಳೆಂದು ಇಲಾರಿಯೊ ಒಬ್ಬನನ್ನು ಬಿಟ್ಟು ಯಾರಿಗೂ ಗೊತ್ತಾಗುವ ದಾರಿಯಿರಲಿಲ್ಲ. ಅವನು ಹೇಳಿದ್ದೇ ನಿಜ. ಅವನು ಹೇಳುತ್ತಿದ್ದುದೋ, ದಿನದಿನಕ್ಕೆ ಕೆಡುತ್ತ ಹೋಯಿತು.

“ಓಡ್ತಾಳೆ. ಬರೀ ಓಡ್ತಾಳೆ,” ಎಂದು ಮೊದಲ ಭಾನುವಾರ ಕೋವಿ ಮೂಲೆಗಿಟ್ಟ.

“ಮರಿ ಅಲ್ವಾ,” ಎಂದಳು ಜೆಲಿಂಡಾ.

ಮುಂದಿನ ಭಾನುವಾರ ಕೋವಿ ಇಡುವಾಗ ಸದ್ದಾಯಿತು. “ಬೆಳಗ್ಗಿಂದ ಗಂಟೆ ಬಾಯಿ ಮುಚ್ಚಿಲ್ಲ. ಎರಡು ಹಕ್ಕಿ ನನ್ನ ಬೆನ್ನ ಹಿಂದಿಂದ ಎದ್ದುಹೋದ್ವು. ಅವಳು ಓಡಿಸ್ಬಿಟ್ಟಿದ್ದು. ಮೋರೊ ಇದ್ದಿದ್ರೆ!”

ನವೆಂಬರ್ ಪೂರ್ತಿ ಇದೇ ಹಾಡು. ಇಲಾರಿಯೊ ಹೊಡೆಯುವವನಲ್ಲ, ಬೈಯುತ್ತಿದ್ದ, ಮನೆಗೆ ಬರುವಾಗ ಬ್ರೀನಾಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾಯಿಗೆ ಅದು ಹೊಡೆತಕ್ಕಿಂತ ಕಷ್ಟ. ಅವಳು ಬಾಲ ಮಡಚಿಕೊಂಡು ಬಂದು ಮೇಜಿನ ಕೆಳಗೆ ಸೇರಿದರೆ ಸಾರಿನ ಮೂಳೆಗೂ ಹೊರಗೆ ಬರುತ್ತಿರಲಿಲ್ಲ. ಬಾರಿನಲ್ಲಿ ಬ್ರೀನಾಗೆ ‘ಚರ್ಚಿನ ಗಂಟೆ’ ಎಂದು ಅಡ್ಡಹೆಸರು ಬಿತ್ತು. ಊರಲ್ಲಿ ಒಮ್ಮೆ ಬಿದ್ದ ಅಡ್ಡಹೆಸರು ಮನುಷ್ಯರಿಗೇ ಸಾಯುವ ತನಕ ಬಿಡುವುದಿಲ್ಲ, ನಾಯಿಗೆ ಬಿಡುತ್ತದೆಯೇ?

ಕಣಿವೆಯ ಕಟುಕ ನಜರೇನೊ ಈ ಸುದ್ದಿ ಕೇಳಿ ಒಂದು ಸಂಜೆ ಮೇಲೆ ಬಂದ. ಬೇಟೆಯ ಮಾಂಸವನ್ನೂ ಕೊಳ್ಳುವವನು, ನಾಯಿಗಳನ್ನೂ ಕೈ ಬದಲಾಯಿಸುವವನು. ಅಡುಗೆಮನೆಯಲ್ಲಿ ಕೂತು ವೈನು ಕುಡಿಯುತ್ತ ಬ್ರೀನಾಳ ಎದೆ, ತೊಡೆಗಳನ್ನು ಕೈಯಿಂದ ಒತ್ತಿ ನೋಡಿದ. ಅವನು ಯಾರನ್ನು ನೋಡಿದರೂ ತಕ್ಕಡಿಯ ಮೇಲಿಟ್ಟು ನೋಡಿದ ಹಾಗೆಯೇ ಇರುತ್ತಿತ್ತು.

“ಜಾತಿ ಒಳ್ಳೇದು, ಬುದ್ಧಿ ಇಲ್ಲ ಅಷ್ಟೆ,” ಎಂದ. “ಸಮುದ್ರದ ಕಡೆ ಒಂದು ಎಸ್ಟೇಟಿದೆ, ಶ್ರೀಮಂತ್ರು ಶನಿವಾರ ಶನಿವಾರ ಸಾಕಿದ ಹಕ್ಕಿ ಹೊಡೆಯೋಕೆ ಬರ್ತಾರೆ. ಅಲ್ಲಿ ಓಡೋ ನಾಯಿನೂ ನಡೆಯತ್ತೆ. ಸಾಲಾಗಿ ಶೆಡ್ಡಲ್ಲಿ ಇಟ್ಟಿರ್ತಾರೆ. ಬದಲಿಗೆ ನಿಂಗೊಂದು ಇಡೀ ಹಂದಿತೊಡೆ ಕೊಡ್ತೀನಿ, ಉಪ್ಪು ಹಾಕಿ ಒಣಗಿಸಿದ್ದು.”

ಇಲಾರಿಯೊ ತಲೆಯಾಡಿಸಿದ. “ಡಿಸೆಂಬರ್ ಎರಡನೇ ಭಾನುವಾರ ಬಾ. ಮಧ್ಯಾಹ್ನ ಬಾರಲ್ಲಿ ಸಿಗ್ತೀನಿ.” ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದ: ಮೊದಲ ಚಳಿಗಾಲದಲ್ಲಿ ನಿಲ್ಲದ ನಾಯಿ ಕ್ರಿಸ್‌ಮಸ್ಸಿನೊಳಗೆ ಮನೆ ಬಿಡಬೇಕು. ಲೊರೆತ್ತಾ ಕುರ್ಚಿ ಹಿಂದಕ್ಕೆ ತಳ್ಳಿ ಮಹಡಿಗೆ ಹೋದವಳು ಊಟಕ್ಕೆ ಇಳಿಯಲಿಲ್ಲ. ಜೆಲಿಂಡಾ ನಜರೇನೊನ ಲೋಟವನ್ನು ಅವನಿನ್ನೂ ಪೂರ್ತಿ ಕುಡಿಯುವ ಮೊದಲೇ ಎತ್ತಿ ತೊಳೆದಳು.

ಆ ವಾರವೇ ನಡೆದದ್ದು ಇದು. ಬೆಟ್ಟದ ಆಚೆಯ ಹಳ್ಳಿಯಲ್ಲಿ ಜೆಲಿಂಡಾಳ ಅಕ್ಕನ ಮನೆ. ಹೊಸ ಚೆಸ್ಟ್‌ನಟ್ ಕಾಯಿಯ ಹಿಟ್ಟು ಕೊಟ್ಟುಬರೋಣವೆಂದು ರಜೆಯ ದಿನ ಅವಳು ಹೇಸರಗತ್ತೆಗಳ ಹಳೆಯ ಹಾದಿ ಹಿಡಿದು ಹೊರಟಿದ್ದಳು. ಅರ್ಧ ದಾರಿಯಲ್ಲಿ, ಕೆಳಗಿನ ಪೊದೆಗಳ ನಡುವೆ ಗಂಟೆಯ ಸದ್ದು ಕೇಳಿತು. ಬ್ರೀನಾಳದ್ದೇ, ತನ್ನ ಮನೆಯ ಗಂಟೆ ಅವಳಿಗೆ ತಿಳಿಯದೇ? ಇಲಾರಿಯೊನ ಗುಟ್ಟಿನ ಜಾಗಕ್ಕೇ ಕಾಲಿಟ್ಟೆನಲ್ಲ ಎಂದು ನಗು ಬಂತು. ಸದ್ದು ಮಾಡದೆ ದಾಟಿಹೋಗೋಣವೆನ್ನುವಷ್ಟರಲ್ಲಿ ಗಂಟೆ ನಿಂತಿತು.

ಅಭ್ಯಾಸಬಲ, ‘ಏನು ಕದ್ದಳಪ್ಪ’ ಎಂದು ಅವಳೂ ಗಕ್ಕನೆ ನಿಂತಳು. ಬಗ್ಗಿ ನೋಡಿದರೆ ಜರೀಗಿಡಗಳ ನಡುವೆ ಬಿಳಿ ಬೆನ್ನು ಕಂಡಿತು. ಮುಂಗಾಲೊಂದು ಮೇಲೆ, ಬಾಲ ನೆಟ್ಟಗೆ, ಕತ್ತು ಚಾಚಿ ಮೂಗು ಒಂದು ಪೊದೆಯ ಕಡೆಗೆ. ಅಂಗಳದಲ್ಲಿ ರೆಕ್ಕೆಯೆದುರು ನಿಂತ ಹಾಗೆಯೇ, ಆದರೆ ಇಲ್ಲಿ ಕಿವಿಯ ತುದಿ ಕೂಡ ಅಲುಗುತ್ತಿರಲಿಲ್ಲ.

ಕೆಳಗಿನಿಂದ ಇಲಾರಿಯೊ ಬಂದ. ಕೋವಿ ತೋಳಲ್ಲಿ, ತಲೆ ಒಂದು ಬದಿಗೆ ವಾಲಿಸಿ, ಏನನ್ನೋ ಕೇಳಿಸಿಕೊಳ್ಳುತ್ತಿರುವವನಂತೆ. ನಾಯಿಯ ಹತ್ತಿರದಲ್ಲೇ, ನಡುವೆ ಒಂದು ಪೊದೆ ಮಾತ್ರ ಇರುವಷ್ಟು ಹತ್ತಿರದಲ್ಲಿ, ದಾಟಿಹೋದ. ಸಿಳ್ಳೆ ಹಾಕಿದ. ‘ಬ್ರೀನಾ!’ ಎಂದು ಕೂಗಿದ. ನಾಯಿ ಅಲುಗಲಿಲ್ಲ, ನಿಂತಿರುವುದೇ ಅವಳ ಕೆಲಸ, ಅದನ್ನು ಕಲಿಸಿದವನು ಅವನೇ. ಅವನು ಇನ್ನೂ ಮುಂದೆ ಹೋದ. ಕೊನೆಗೆ ಆ ಎಲೆಬಣ್ಣದ ಹಕ್ಕಿ ಪಟಪಟನೆ ಎದ್ದು ಅವನ ಬೆನ್ನ ಹಿಂದೆ ಮರಗಳ ನಡುವೆ ನುಸುಳಿಹೋಯಿತು. ಅವನು ತಿರುಗುವ ಹೊತ್ತಿಗೆ ಮರಗಳಾಚೆ ಮರೆಯಾಗುವ ರೆಕ್ಕೆ, ತನ್ನ ಕಡೆಗೆ ಓಡಿಬರುವ ನಾಯಿ, ಎರಡೇ ಕಂಡವು.

“ಮತ್ತೆ ಓಡಿಸ್ದೆಯಾ! ಹಾಳಾದವಳೇ, ಮತ್ತೆ ಓಡಿಸ್ದೆಯಾ!”

ಬ್ರೀನಾ ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿಬಿಟ್ಟಳು. ಮೇಲೆ ಹಾದಿಯಲ್ಲಿ ಹಿಟ್ಟಿನ ಚೀಲ ಹಿಡಿದು ನಿಂತಿದ್ದ ಜೆಲಿಂಡಾಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮೋರೊನನ್ನು ಇಲಾರಿಯೊ ಯಾವಾಗಲೂ ಹೊಗಳುತ್ತಿದ್ದ: ‘ನಾನು ತಡ ಮಾಡಿದ್ರೆ ತಾನೇ ಬಂದು ಕರ್ಕೊಂಡು ಹೋಗ್ತಾನೆ.’ ಮುದಿನಾಯಿಗೆ ಯಜಮಾನನ ಕಿವಿ ಹೋಗಿದೆಯೆಂದು ತಿಳಿದಿತ್ತು. ಅದು ಸುಮ್ಮನೆ ಸಂಭಾಳಿಸಿಕೊಂಡು ಬಂದಿತ್ತು. ಈ ಮರಿಗೆ ಅದು ತಿಳಿಯದು. ಕಲಿಸಿದಂತೆ ನಿಲ್ಲುತ್ತದೆ, ನಿಂತದ್ದಕ್ಕೇ ಬೈಸಿಕೊಳ್ಳುತ್ತದೆ. ಜೆಲಿಂಡಾಗೆ ಮೈ ಉರಿಯಿತು. ಕೆಳಗಿಳಿದು ಗಂಡನ ಎದೆಗೆ ಚೀಲದಿಂದ ಒಂದು ಬಾರಿಸಬೇಕೆನ್ನಿಸಿತು. ಆದರೆ ಅವನು ಒಂಟಿಯಾಗಿ ಕತ್ತು ವಾಲಿಸಿ ನಿಂತಿದ್ದ ರೀತಿ ನೋಡಿ ಕಾಲು ಮುಂದೆ ಬರಲಿಲ್ಲ. ಅಕ್ಕನ ಮನೆಗೂ ಹೋಗದೆ ತಿರುಗಿದಳು.

ಹೇಳುವುದು ಹೇಗೆ? ಇದೇನು ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಹೇಳಿದ ಹಾಗೆಯೇ? ಗಂಟೆ ಕೇಳದವನು ರಾಣಿಯ ಬೇಟೆಗಾರನೇ ಅಲ್ಲ. ಹೇಳಿದರೆ ನಾಯಿ ಉಳಿಯುತ್ತದೆ, ಕಾಡು ಹೋಗುತ್ತದೆ. ವರ್ಷವಿಡೀ ಚರಂಡಿ ಬಿಡಿಸುವ ಮನುಷ್ಯನಿಗೆ ಇದ್ದದ್ದೇ ಆ ಎರಡು ತಿಂಗಳ ಕಾಡು. ಹೇಳದಿದ್ದರೆ ನಾಯಿ ಸಮುದ್ರದ ಕಡೆಯ ಶೆಡ್ಡು ಸೇರುತ್ತದೆ. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಇದನ್ನೇ ಯೋಚಿಸಿ, ಸಿಪ್ಪೆಯನ್ನು ಪಾತ್ರೆಗೂ ಆಲೂಗಡ್ಡೆಯನ್ನು ಕಸಕ್ಕೂ ಹಾಕಿದಳು.

ಒಂದು ರಾತ್ರಿ ಊಟಕ್ಕೆ ಕೂತಾಗ ಸುತ್ತಿಬಳಸಿ ಪ್ರಯತ್ನಪಟ್ಟಳು. “ಕಣಿವೇಲಿ ಹೊಸ ಡಾಕ್ಟ್ರು ಬಂದಿದ್ದಾರಂತೆ. ಒಂದ್ಸಲ ಕಿವಿ ತೋರಿಸ್ಬಾರ್ದಾ?”

“ನನ್ನ ಕಿವಿಗೇನಾಗಿದೆ?”

“ಏನೂ ಆಗಿಲ್ಲ. ಆ ಗಂಟೆ ಸರಿಯಾಗಿ ಕೇಳ್ತಿದೆಯೋ ಇಲ್ವೋ ಅಂತ.”

ಇಲಾರಿಯೊ ಚಮಚ ಕೆಳಗಿಟ್ಟ. “ಕೇಳ್ತಿದೆಯಾ? ಕೇಳ್ತಾನೇ ಇದೆ! ಬೆಳಗ್ಗಿಂದ ಕೇಳ್ತಾನೇ ಇದೆ. ಅದು ನಿಲ್ಲಲ್ಲ ಅನ್ನೋದೇ ಅಲ್ವಾ ನನ್ನ ತಾಪತ್ರಯ? ಕಿವುಡನಾಗಿದ್ರೆ ಚೆನ್ನಾಗಿತ್ತು!”

ಜೆಲಿಂಡಾ ಅವನ ತಟ್ಟೆಯನ್ನು ಎಳೆದುಕೊಂಡು ಎದ್ದಳು. ಗಂಟೆ ನಿಂತದ್ದನ್ನು ತಾನು ಕಣ್ಣಾರೆ ಕಂಡಿದ್ದಳು, ಕಿವಿಯಾರೆ ಕೇಳಿದ್ದಳು. ಇವನು ಮೇಜಿನೆದುರು ಕೂತು ಸುಳ್ಳು ಹೇಳುತ್ತಾನಲ್ಲ, ಕಿವುಡು ಎನ್ನಿಸಿಕೊಳ್ಳುವುದಕ್ಕಿಂತ ನಾಯಿಯ ಮೇಲೆ ತಪ್ಪು ಹೊರಿಸುವುದು ಸಲೀಸೆಂದು!

ನಜರೇನೊ ಬರುವ ಹಿಂದಿನ ಸಂಜೆ ಅವಳು ಇಲಾರಿಯೊನ ಬೂಟಿನ ಪಕ್ಕದಲ್ಲಿ ತನ್ನ ಬೂಟನ್ನೂ ಎಣ್ಣೆ ಹಚ್ಚಿ ಇಟ್ಟಳು.

“ಇದೇನು?”

“ನಾಳೆ ನಾನೂ ಬರ್ತೀನಿ.”

“ಎಲ್ಲಿಗೆ?”

“ಕಾಡಿಗೆ. ನಾಯಿ ಹೋಗೋ ಮುಂಚೆ ಒಂದ್ಸಲ ಅವಳ ಜೊತೆ ಓಡಾಡ್ಬೇಕು.”

“ನಿಂಗೇನು ತಲೆ ಕೆಟ್ಟಿದೆಯಾ? ರಾಣಿ ಬೇಟೆಗೆ ಯಾವನಾದ್ರೂ ಹೆಂಡ್ತೀನ ಕರ್ಕೊಂಡು ಹೋಗಿದ್ದಾನಾ?”

“ಯಾಕೆ, ನಿನ್ನ ರಾಣಿಗೆ ಹೊಟ್ಟೆಕಿಚ್ಚಾ?”

ಲೊರೆತ್ತಾ ತಿಂಗಳಲ್ಲಿ ಮೊದಲ ಸಲ ನಕ್ಕಳು. ಇಲಾರಿಯೊ ಬೈದ, ಮೇಜು ಕುಟ್ಟಿದ, ಅಪ್ಪನ ಹೆಸರೆತ್ತಿದ. ಕೊನೆಗೆ, ಹೇಗೂ ಅದೇ ಕೊನೆಯ ಸಲವಾದ್ದರಿಂದ, “ಬಾಯಿ ಬಿಡಕೂಡದು. ಯಾರಿಗೂ ಜಾಗ ಹೇಳಕೂಡದು,” ಎಂದು ಒಪ್ಪಿದ.

ಬೆಳಗ್ಗೆ ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಗಾಳಿಯಿರಲಿಲ್ಲ. ಇಲಾರಿಯೊ ಬ್ರೀನಾಳ ಕೊರಳಿಗೆ ಗಂಟೆ ಕಟ್ಟಿ ಬಿಟ್ಟ. ಅವಳು ಒಮ್ಮೆ ಜೆಲಿಂಡಾಳ ಕೈ ನೆಕ್ಕಿ, ಮರಗಳ ನಡುವೆ ಮಾಯವಾದಳು. ಗಂಟೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಇಳಿಜಾರಿನ ಕೆಳಗೆ ಸಣ್ಣದಾಯಿತು, ಮತ್ತೆ ಹತ್ತಿರ ಬಂತು. ಗಂಡನ ಹಿಂದೆ ಬೂಟಿನ ಸದ್ದಾಗದಂತೆ ನಡೆಯುತ್ತ ಜೆಲಿಂಡಾ ಅಡುಗೆಮನೆಯಲ್ಲಿರುವಂತೆಯೇ ಕಿವಿಯನ್ನು ಅದರ ಹಿಂದೆ ಬಿಟ್ಟಿದ್ದಳು.

ಬಹಳ ಹೊತ್ತಿನ ಮೇಲೆ, ತೊರೆಯ ಮೇಲಿನ ಪೊದೆಗಳಲ್ಲಿ, ಗಂಟೆ ನಿಂತಿತು.

ಇಲಾರಿಯೊ ನಡೆಯುತ್ತಲೇ ಇದ್ದ. ಅವಳು ಅವನ ತೋಳು ಹಿಡಿದಳು.

“ಏನು?”

“ನಿಂತಿತು.”

“ಯಾವುದು?”

“ಗಂಟೆ, ಮಾರಾಯ. ಗಂಟೆ ನಿಂತಿತು.”

ಅವನು ತಲೆ ವಾಲಿಸಿ ಕೇಳಿದ. “ಇಲ್ವಲ್ಲ. ಓಡ್ತಾ ಇದ್ದಾಳೆ. ಕೇಳ್ತಾ ಇದೆಯಲ್ಲ.”

ಜೆಲಿಂಡಾ ಬೈಯಲೆಂದೇ ಬಾಯಿ ತೆರೆದಳು. ಅಷ್ಟರಲ್ಲಿ ಅವನ ಮುಖ ಕಂಡಿತು. ಇಷ್ಟು ವರ್ಷ ಮಕ್ಕಳ ಸುಳ್ಳು ನಿಜಗಳನ್ನು ಅಳೆದವಳು ಅವಳು. ಆ ಮುಖದಲ್ಲಿ ಸುಳ್ಳಿರಲಿಲ್ಲ. ಅವನಿಗೆ ನಿಜವಾಗಿಯೂ ಗಂಟೆ ಕೇಳಿಸುತ್ತಿತ್ತು.

“ಬಾ ನನ್ನ ಜೊತೆ,” ಎಂದು ಕೈ ಹಿಡಿದು, ಮಗುವನ್ನು ಕರೆದೊಯ್ಯುವಂತೆ ಪೊದೆಗಳ ಕಡೆಗೆ ನಡೆಸಿದಳು.

ಬ್ರೀನಾ ಅಲ್ಲಿದ್ದಳು. ಒಂದು ಕಾಲೆತ್ತಿ, ಬಾಲ ನೆಟ್ಟಗೆ ಮಾಡಿ, ಕಲ್ಲಿನಲ್ಲಿ ಕಡೆದಂತೆ ನಿಂತಿದ್ದಳು. ಬಾಯಿಂದ ಹೊರಟ ಹಬೆಯೊಂದೇ ಅವಳಲ್ಲಿ ಅಲುಗುತ್ತಿದ್ದದ್ದು. ಕೊರಳ ಕೆಳಗೆ ಕಂಚಿನ ಗಂಟೆ ನೆಟ್ಟಗೆ ಜೋತುಬಿದ್ದಿತ್ತು.

ಇಲಾರಿಯೊ ಹಕ್ಕಿಯಿದ್ದ ಕಡೆ ನೋಡಲಿಲ್ಲ, ಕೋವಿ ಎತ್ತಲಿಲ್ಲ. ಆ ಗಂಟೆಯನ್ನೇ ನೋಡುತ್ತ ನಿಂತ. ಕಣ್ಣೆದುರಿಗೆ ಅದು ಕಿಂಚಿತ್ತೂ ಅಲುಗುತ್ತಿರಲಿಲ್ಲ, ಅವನ ಕಿವಿಯಲ್ಲಿ ಬಾರಿಸುತ್ತಲೇ ಇತ್ತು. ಒಂದು ಕೈಯನ್ನು ಕಿವಿಗೆ ಒತ್ತಿ ಹಿಡಿದ. ತೆಗೆದ. ಮತ್ತೆ ಒತ್ತಿದ.

“ನಿಲ್ತಾ ಇಲ್ಲ ಜೆಲಿಂಡಾ,” ಎಂದ. ದನಿ ಹೆದರಿದ ಹುಡುಗನದ್ದಾಗಿತ್ತು. “ಅದು ಅಲ್ಲಿ ಸುಮ್ಮನಿದೆ. ನಂಗೆ ನಿಲ್ತಾನೇ ಇಲ್ಲ.”

“ಯಾವಾಗಿಂದ?”

“ರಾತ್ರಿ ಹೊತ್ತು ಇತ್ತು. ಮಲಗ್ದಾಗ ಸಣ್ಣಗೆ ಗುಂಯ್ ಅಂತಿತ್ತು, ಸುರಂಗ ಬಿಟ್ಟಾಗಿಂದ. ಹಗಲು ಇರ್ಲಿಲ್ಲ. ಹಗಲು ಇಲ್ಲ ಅಂದ್ಕೊಂಡಿದ್ದೆ.”

ಆಗ ಹಕ್ಕಿ ಎದ್ದಿತು. ಅದರ ರೆಕ್ಕೆ ಬಡಿತ ಅವನಿಗೆ ಕೇಳಿಸಲಿಲ್ಲ. ಬ್ರೀನಾಳ ಕಣ್ಣು ಹೋದ ದಿಕ್ಕಿಗೆ ತಲೆಯೆತ್ತಿ, ಅದು ಬೀಚ್ ಮರಗಳಾಚೆ ಹೋಗುವುದನ್ನು ನೋಡಿದ. ಕೋವಿ ತೋಳಲ್ಲೇ ಇತ್ತು. ನಾಯಿ ತಿರುಗಿ ಅವನನ್ನು ನೋಡಿ, ಬೈಗುಳಕ್ಕೆ ತಯಾರಾಗಿ ಹೊಟ್ಟೆ ನೆಲಕ್ಕೆ ತಾಗಿಸಿತು.

ಇಲಾರಿಯೊ ಕೋವಿಯ ತೋಟೆಗಳನ್ನು ತೆಗೆದು, ಅದನ್ನು ಮರಕ್ಕೆ ಒರಗಿಸಿ, ಹೆಪ್ಪುಗಟ್ಟಿದ ನೆಲದ ಮೇಲೆ ಮೊಣಕಾಲೂರಿದ. ಅವಳ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ.

“ಎಷ್ಟು ಸಲ ನಿಂತಿದ್ಯೇ, ಮಗಳೇ? ಎಷ್ಟು ಸಲ ಹಿಂಗೆ ನಿಂತಿದ್ದೆ?”

ಜೆಲಿಂಡಾಗೆ ಅಳು ಬಂತು. ಮುಖ ಆಚೆ ತಿರುಗಿಸಿಕೊಂಡು ಅತ್ತಳು. ನಾಯಿಗಾಗಿ ಅತ್ತಳೋ ಗಂಡನಿಗಾಗಿಯೋ ಎಂದು ಕೇಳಿದರೆ ಅವಳೂ ಹೇಳಲಾರಳು.

ನಾಯಿಗೆ ಹಗ್ಗ ಕಟ್ಟಿಕೊಂಡು ಇಬ್ಬರೂ ಇಳಿದುಬಂದರು. ಊರ ಬಾಯಿಯಲ್ಲಿ, ಬಾರಿನ ಮುಂದೆ ನಜರೇನೊನ ವ್ಯಾನು ನಿಂತಿತ್ತು. “ನಾಯಿ ಕೊಡಲ್ಲ ಅಂತ ನಾನೇ ಹೇಳ್ಲಾ?” ಎಂದಳು ಜೆಲಿಂಡಾ. “ಲೊರೆತ್ತಾ ಅತ್ತಳು, ಅದಕ್ಕೇ ಕೊಡಲ್ಲ ಅಂತೀನಿ. ಇನ್ನೇನೂ ಹೇಳೋದು ಬೇಡ.” ಅವಳು ಅವನಿಗೆ ಒಂದು ಬಾಗಿಲು ತೆರೆದುಕೊಟ್ಟಿದ್ದಳು, ಆ ಬಾಗಿಲಿಂದ ಅವನು ತಲೆಯೆತ್ತಿಕೊಂಡು ದಾಟಬಹುದಿತ್ತು. ಚರ್ಚಿನ ಗಂಟೆ ಎಂಬ ಅಡ್ಡಹೆಸರು ಮಾತ್ರ ಬ್ರೀನಾಗೆ ಉಳಿಯುತ್ತಿತ್ತು.

ಇಲಾರಿಯೊ ಇಲ್ಲವೆಂದು ತಲೆಯಾಡಿಸಿ ಒಳಗೆ ಹೋದ. ಭಾನುವಾರದ ಪೂಜೆ ಮುಗಿಸಿ ಬಂದವರೆಲ್ಲ ಅಲ್ಲಿದ್ದರು. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಹಂದಿತೊಡೆಯಿತ್ತು.

“ತಗೊಂಡು ಹೋಗು ನಿನ್ನ ತೊಡೆ,” ಎಂದ ಇಲಾರಿಯೊ. ಕಿವುಡರ ದನಿ, ಇಸ್ಪೀಟಾಡುತ್ತಿದ್ದವರೆಲ್ಲ ತಿರುಗಿದರು. “ನಾಯಿ ಸರಿಯಾಗಿದೆ. ಈ ಬೆಟ್ಟದಲ್ಲಿ ಇವಳ ಹಾಗೆ ನಿಲ್ಲೋ ನಾಯಿ ಇನ್ನೊಂದಿಲ್ಲ. ಕೆಟ್ಟಿರೋದು ನನ್ನ ಕಿವಿ. ಎಲ್ಲರೂ ಸರಿಯಾಗಿ ಕೇಳಿಸ್ಕೊಳ್ಳಿ, ಯಾಕಂದ್ರೆ ನಂಗೆ ಕೇಳ್ಸಲ್ಲ.”

ಯಾರೂ ನಗಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಜೆಲಿಂಡಾ ನಾಯಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ನಜರೇನೊ ಹಂದಿತೊಡೆಯನ್ನು ತನ್ನ ಕಡೆ ಎಳೆದುಕೊಂಡು, “ಮತ್ತೆ ಇವತ್ತು ಗೊತ್ತಾಗಿದ್ದು ಹೆಂಗೆ? ಗಂಟೆ ನಿಂತಿದ್ದನ್ನ ಕೇಳಿದ್ಯಾರು?” ಎಂದ.

ಇಲಾರಿಯೊ ಬಾಗಿಲ ಕಡೆ ಕೈ ತೋರಿಸಿದ.

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಇಸ್ಪೀಟಿನ ಮೇಜಿಂದ ಒಬ್ಬ ಮುದುಕ ಎಲೆಗಳನ್ನು ಕೆಳಗಿಟ್ಟು ಕೂಗಿದ: “ಹೆಂಗಸಿಗೆ ಜಾಗ ತೋರಿಸಿದ್ಯಾ? ನಿಮ್ಮಪ್ಪನ ಜಾಗ!”

“ನಾನೆಲ್ಲಿ ತೋರಿಸ್ದೆ?” ಎಂದ ಇಲಾರಿಯೊ. “ಅವಳು ನಂಗೆ ತೋರಿಸಿದ್ದು.” ಆಮೇಲೆ ಹೊರಗೆ ಬಂದು, ಎಲ್ಲರೂ ನೋಡುತ್ತಿದ್ದಂತೆಯೇ ಹೆಂಡತಿಯನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು ಹೋಗಿ, ಒಲೆಯ ಹತ್ತಿರದ ಮೇಜಿನ ಮುಂದೆ ಕೂರಿಸಿದ.